ಬೆಟ್ಟಾ ಮೀನಿನ ನೀರೂ ಅದರ ಉಷ್ಣತೆಯೂ

ಸಾಕುಮೀನುಗಳನ್ನು ಮಾರುವ ಅಂಗಡಿಗಳಲ್ಲಿ, ಸಣ್ಣ ಗಾಜಿನ ಬಾಟಲಿಗೆ ಒಂದರಂತೆ ಇರಿಸಿದ, ಸೆರಗಿನಂತಹ ಈಜುರೆಕ್ಕೆಗಳುಳ್ಳ ನೀಲಿ, ಕೆಂಪು ಬಣ್ಣದ ಮೀನನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಇದೇ ಬೆಟ್ಟಾ. ನಮ್ಮ ಬೆಟ್ಟಗುಡ್ಡಗಳಿಗೂ ಈ ಹೆಸರಿಗೂ ಯಾವ ನಂಟೂ ಇಲ್ಲ. ಬೇಸಿಗೆಯಲ್ಲಿ ಕೊಂಡು ತಂದ ಮೀನು ಮೇಜಿನ ಮೇಲಿನ ಬೋಗುಣಿಯಲ್ಲಿ ನವೆಂಬರಿನವರೆಗೆ ಲವಲವಿಕೆಯಿಂದ ಇರುತ್ತದೆ. ಡಿಸೆಂಬರಿನ ಒಂದು ಮುಂಜಾನೆ ನೋಡಿದರೆ ರೆಕ್ಕೆಗಳನ್ನು ಮುದುಡಿಕೊಂಡು ತಳದಲ್ಲಿ ಬಿದ್ದಿರುತ್ತದೆ. ಆಹಾರ ಹಾಕಿದರೂ ಮೇಲೆ ಬರುವುದಿಲ್ಲ. ನೀರು ಕೆಟ್ಟಿರಬೇಕೆಂದು ಭಾವಿಸಿ ಅದನ್ನೆಲ್ಲ ಚೆಲ್ಲಿ, ನಲ್ಲಿಯ ತಣ್ಣೀರನ್ನು ತುಂಬುತ್ತೇವೆ. ಮರುದಿನ ಮೀನು ಸತ್ತಿರುತ್ತದೆ. ಇಂತಹ ಒಂದು ಬೋಗುಣಿ ನಮ್ಮ ಮನೆಯಲ್ಲಿಯೂ ಇದ್ದುದರಿಂದಲೇ ಈ ವಿಷಯವನ್ನು ವಿಚಾರಿಸಲು ನಾವು ತೊಡಗಿದೆವು.

ಬೆಟ್ಟಾದ ತವರು ಥೈಲ್ಯಾಂಡ್. ಅಲ್ಲಿನವರು ಇದನ್ನು 'ಪ್ಲಾ ಕಾತ್', ಅಂದರೆ ಕಚ್ಚುವ ಮೀನು, ಎಂದು ಕರೆಯುತ್ತಾರೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡದೆ ಇರವು. 1910ರಲ್ಲಿ ರೀಗನ್ ಎಂಬ ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟರು. 2019ರಲ್ಲಿ ಥೈಲ್ಯಾಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಭೂಪಟವನ್ನು ತೆರೆದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಬ್ಯಾಂಕಾಕೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಬ್ಯಾಂಕಾಕ್ ಸಮುದ್ರಮಟ್ಟದಲ್ಲಿದೆ. ಬೆಂಗಳೂರು 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಆದಕಾರಣ ಇಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಗಾಳಿಯ ಉಷ್ಣತೆ 15-16 ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುವುದು ಸಾಮಾನ್ಯ. ಬೆಟ್ಟಾಕ್ಕೆ ಒಗ್ಗುವುದು 24ರಿಂದ 28 ಡಿಗ್ರಿ. ಮಂಗಳೂರಿನಲ್ಲಿ ಸಾಕುವವರಿಗೆ ಈ ತೊಂದರೆ ಬಹಳ ಕಡಿಮೆ.

ಮೀನನ್ನು ಶೀತರಕ್ತ ಪ್ರಾಣಿಯೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದರ ರಕ್ತ ಸದಾ ತಣ್ಣಗಿರುತ್ತದೆಂದು ಇದರ ಅರ್ಥವಲ್ಲ. ಸುತ್ತಲಿನ ನೀರಿನ ಉಷ್ಣತೆಯೇ ಅದರ ರಕ್ತದ ಉಷ್ಣತೆ. ನಮ್ಮ ದೇಹ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಮೀನಿಗೆ ಆ ಶಕ್ತಿಯಿಲ್ಲ. ನೀರು ತಣ್ಣಗಾದರೆ ಜೀರ್ಣಕ್ರಿಯೆ, ಉಸಿರಾಟ, ರೋಗನಿರೋಧ ಎಲ್ಲವೂ ನಿಧಾನಗೊಳ್ಳುತ್ತವೆ. ಗದ್ದೆಯ ನೀರು ಹಗಲಿರುಳು ಒಂದೇ ಸಮನಾಗಿರುತ್ತದೆಯೇ ಎಂದು ವಾಚಕರು ಕೇಳಬಹುದು. ಇರುವುದಿಲ್ಲ. ಆದರೆ ಅಲ್ಲಿ ಮೀನು ಬಿಸಿಲಿನಿಂದ ನೆರಳಿಗೆ, ತೆಳುನೀರಿನಿಂದ ಆಳಕ್ಕೆ ಸರಿಯಬಲ್ಲದು. ಬೋಗುಣಿಯಲ್ಲಿ ಎಲ್ಲಿಗೆ ಹೋದರೂ ಅದೇ ನೀರು.

ಈಗ ನೀರಿನ ಲೆಕ್ಕವನ್ನು ನೋಡೋಣ. ಪ್ರತಿ ಪಕ್ಕವೂ 10 ಸೆಂಟಿಮೀಟರ್ ಇರುವ ಘನಾಕಾರದ ತೊಟ್ಟಿಯಲ್ಲಿ ಒಂದು ಲೀಟರ್ ನೀರು ಹಿಡಿಯುತ್ತದೆ. ಅದರ ಹೊರಮೈ 600 ಚದರ ಸೆಂಟಿಮೀಟರ್. ಪಕ್ಕ 30 ಸೆಂಟಿಮೀಟರ್ ಆದರೆ ನೀರು 27 ಲೀಟರ್, ಹೊರಮೈ 5400 ಚದರ ಸೆಂಟಿಮೀಟರ್. ಲೀಟರಿಗೆ 200 ಮಾತ್ರ. ಶಾಖ ಸೋರಿಹೋಗುವುದು ಹೊರಮೈಯ ಮೂಲಕ. ಆದ್ದರಿಂದ ದೊಡ್ಡ ತೊಟ್ಟಿಯ ನೀರು ಸುಮಾರು ಮೂರು ಪಟ್ಟು ನಿಧಾನವಾಗಿ ತಣಿಯುತ್ತದೆ. ಇದರ ಮೇಲೆ ಆವಿಯಾಗುವಿಕೆಯೂ ಇದೆ. ಕೋಣೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಒಂದು ಲೀಟರಿನ ಬೋಗುಣಿಯಿಂದ 10 ಗ್ರಾಂ ಆವಿಯಾಯಿತೆನ್ನಿ; ಆ ಶಾಖವೆಲ್ಲ ನೀರಿನಿಂದಲೇ ಹೋದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯಬೇಕು. ಸುತ್ತಲಿನ ಗಾಳಿ ಸ್ವಲ್ಪ ಶಾಖವನ್ನು ಹಿಂದಿರುಗಿಸುವುದರಿಂದ ಅಷ್ಟು ಇಳಿಯದು. ಮಣ್ಣಿನ ಹೂಜಿಯ ನೀರನ್ನು ತಂಪಾಗಿಸುವ ತತ್ತ್ವವೇ ಇದು. ಇಲ್ಲಿ ಮಾತ್ರ ನಮಗೆ ಬೇಡದ ಉಪಕಾರ.

ಒಂದು ಮುಚ್ಚಳವನ್ನಿಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಮುಚ್ಚಳದಿಂದ ಇನ್ನೊಂದು ಲಾಭವೂ ಉಂಟು. ಬೆಟ್ಟಾದ ಕಿವಿರುಗಳ ಮೇಲ್ಗಡೆ ಮಡಿಕೆಮಡಿಕೆಯಾದ, ರಕ್ತನಾಳಗಳಿಂದ ತುಂಬಿದ ಒಂದು ಅಂಗವಿದೆ. ಮೀನು ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಇದರ ಮೂಲಕ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನೀರಿನ ಮೇಲಿನ ಗಾಳಿಯೂ ಬೆಚ್ಚಗೆ, ತೇವವಾಗಿ ಇರುವುದು ಇದಕ್ಕೆ ಹಿತ. ಗಾಳಿಯಾಡಲು ಸಣ್ಣ ತೆರವನ್ನು ಬಿಡಬೇಕು. ಜಿಗಿದು ಹೊರಬೀಳುವಷ್ಟು ದೊಡ್ಡದು ಬೇಡ.

ಚಳಿಯೂರುಗಳಲ್ಲಿ ತಾಪನಿಯಂತ್ರಕವುಳ್ಳ ವಿದ್ಯುತ್ ಹೀಟರ್ ಬೇಕಾಗುತ್ತದೆ. 25 ವ್ಯಾಟಿನ ಹೀಟರ್ ಒಂದು ಗಂಟೆಯಲ್ಲಿ ಸುಮಾರು 21,500 ಕ್ಯಾಲೊರಿ ಶಾಖವನ್ನು ಕೊಡುತ್ತದೆ. ಶಾಖವೇನೂ ಸೋರದಿದ್ದರೆ 20 ಲೀಟರ್ ನೀರು ಇದರಿಂದ ಒಂದು ಡಿಗ್ರಿಯಷ್ಟು ಏರುತ್ತದೆ. ಒಂದೇ ಲೀಟರ್ ಆದರೆ 21 ಡಿಗ್ರಿ! ನಿಯಂತ್ರಕ ಕೆಟ್ಟು ಹೀಟರ್ ಉರಿಯುತ್ತಲೇ ಇದ್ದರೆ, ದೊಡ್ಡ ತೊಟ್ಟಿಯಲ್ಲಿ ನಾವು ಎಚ್ಚರಗೊಳ್ಳಲು ಹಲವು ಗಂಟೆಗಳ ಅವಕಾಶವಿದೆ, ಬೋಗುಣಿಯಲ್ಲಿ ಇಲ್ಲ. ಹೀಟರೊಂದನ್ನು ಕೊಂಡು ಬೋಗುಣಿಗೆ ಇಳಿಬಿಡುವುದಕ್ಕಿಂತ ಮೊದಲು ತೊಟ್ಟಿಯನ್ನು ದೊಡ್ಡದು ಮಾಡುವುದೇ ಮೇಲೆಂಬುದು ನಮ್ಮ ಅಭಿಪ್ರಾಯ. ನೀರಿಗೆ ಕೈಯಿಡುವ ಮುನ್ನ ಹೀಟರಿನ ಪ್ಲಗ್ಗನ್ನು ತಪ್ಪದೆ ತೆಗೆಯಬೇಕು.

ನೀರು ಬದಲಾಯಿಸುವಾಗಲೂ ಇದೇ ಲೆಕ್ಕ. 26 ಡಿಗ್ರಿಯ 20 ಲೀಟರಿನಲ್ಲಿ 4 ಲೀಟರ್ ತೆಗೆದು 18 ಡಿಗ್ರಿಯ ನೀರನ್ನು ಹಾಕಿದರೆ ಮಿಶ್ರಣ 24.4 ಡಿಗ್ರಿಗೆ ಇಳಿಯುತ್ತದೆ. ಎರಡು ಲೀಟರಿನ ಬೋಗುಣಿಯಲ್ಲಿ ಅರ್ಧ ಬದಲಾಯಿಸಿದರೆ ಕ್ಷಣದಲ್ಲಿ 22. ಹೊಸ ನೀರಿಗೆ ಸ್ವಲ್ಪ ಬಿಸಿನೀರನ್ನು ಬೆರೆಸಿ, ಉಷ್ಣಮಾಪಕದಿಂದ ಅಳೆದು, ಸಮಗೊಳಿಸಿ ಹಾಕಿದರೆ ಈ ಪೆಟ್ಟೇ ಇರುವುದಿಲ್ಲ. ಕೈಯದ್ದಿ ಅಂದಾಜು ಮಾಡುವುದನ್ನು ನಂಬಲಾಗದು. ಚಳಿಗೆ ತಣ್ಣಗಾದ ಕೈಗೆ 20 ಡಿಗ್ರಿಯ ನೀರೂ ಬೆಚ್ಚಗೇ ತೋರುತ್ತದೆ.

ವಿದ್ಯುತ್ ಹೋದ ರಾತ್ರಿ ತೊಟ್ಟಿಯ ಸುತ್ತ ಕಂಬಳಿಯನ್ನು ಹೊದಿಸಿ, ಬಿಸಿನೀರು ತುಂಬಿ ಬಿರಡೆ ಹಾಕಿದ ಬಾಟಲಿಯೊಂದನ್ನು ನೀರಿನಲ್ಲಿ ತೇಲಿಬಿಡಬಹುದು. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಕಷ್ಟ ತಲೆಕೆಳಗಾಗುತ್ತದೆ. ಅಲ್ಲಿ ಮುಚ್ಚಳದ ಬದಲು ಸಣ್ಣಕಣ್ಣಿನ ಬಲೆಯನ್ನು ಹಾಸಿ, ಮೇಲೆ ಫ್ಯಾನಿನ ಗಾಳಿ ಬೀಸುವಂತೆ ಮಾಡಿದರೆ, ಚಳಿಗಾಲದಲ್ಲಿ ಶತ್ರುವಾಗಿದ್ದ ಆವಿಯೇ ನೀರನ್ನು ತಂಪಾಗಿಡುತ್ತದೆ. ಮಂಜುಗಡ್ಡೆಯನ್ನು ಮಾತ್ರ ಹಾಕಬಾರದು.