ಸರ್ವರಿನ ಹಾಜರಿ ಪುಸ್ತಕ

ಬಹುಜನರು ಬಳಸುವ ಯುನಿಕ್ಸ್ ಸರ್ವರಿನೊಳಕ್ಕೆ ಯಾರು ಯಾವಾಗ ಬಂದರು, ಎಷ್ಟು ಹೊತ್ತು ಇದ್ದರು, ಯಂತ್ರವು ಯಾವ ಗಳಿಗೆಯಲ್ಲಿ ನಿಂತು ಯಾವ ಗಳಿಗೆಯಲ್ಲಿ ಮರಳಿ ಎದ್ದಿತು ಎಂಬ ವೃತ್ತಾಂತವನ್ನೆಲ್ಲ, ಯಾವ ಗುಮಾಸ್ತನ ನೆರವೂ ಇಲ್ಲದೆ, ಯಂತ್ರವೇ ಬರೆದಿಟ್ಟುಕೊಳ್ಳುತ್ತದೆ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿಯವರು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸತೊಡಗಿದ ಈ ವ್ಯವಸ್ಥೆಯ 1971ರ ಪ್ರಥಮ ಕೈಪಿಡಿಯಲ್ಲಿಯೇ ಇದಕ್ಕೆಂದು ಎರಡು ಕಡತಗಳ ಪ್ರಸ್ತಾಪವುಂಟು. ‘ಯುಟಿಎಂಪಿ’ ಎಂಬುದು ಸದ್ಯ ಒಳಗಿರುವವರ ಪಟ್ಟಿ. ‘ಡಬ್ಲ್ಯುಟಿಎಂಪಿ’ ಎಂಬುದು ಬಂದುಹೋದವರ ಚರಿತ್ರೆ. ಮೊದಲನೆಯದನ್ನು ‘ಹೂ’ ಎಂಬ ಆಜ್ಞೆಯೂ ಎರಡನೆಯದನ್ನು ‘ಲಾಸ್ಟ್’ ಎಂಬ ಆಜ್ಞೆಯೂ ಓದಿ ಹೇಳುತ್ತವೆ.

ಲಿನಕ್ಸಿನಲ್ಲಿ ‘ಬಿಟಿಎಂಪಿ’ ಎಂಬ ಮೂರನೆಯ ಕಡತವೊಂದಿದ್ದು, ಅದರಲ್ಲಿ ವಿಫಲವಾದ ಪ್ರವೇಶಯತ್ನಗಳು ದಾಖಲಾಗುತ್ತವೆ. ಆತುರದಲ್ಲಿ ಹೆಸರಿನ ಜಾಗದಲ್ಲಿಯೇ ಪಾಸ್‌ವರ್ಡನ್ನು ಟೈಪು ಮಾಡಿಬಿಡುವವರು ಎಲ್ಲೆಡೆಯೂ ಇರುವುದರಿಂದ, ಅದನ್ನು ‘ರೂಟ್’ ಎಂಬ ಸರ್ವಾಧಿಕಾರಿಯ ಹೊರತು ಅನ್ಯರು ಓದಕೂಡದೆಂದು ಕಟ್ಟುಮಾಡುವುದು ವಾಡಿಕೆ.

ಇವುಗಳಲ್ಲೆಲ್ಲ ಅತ್ಯಂತ ಕುತೂಹಲಕರವಾದುದು ಯಂತ್ರವು ನಿಂತುಹೋದುದರ ದಾಖಲೆ. ಅಧಿಕಾರಿಯು ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿದನೆಂದರೆ, ಯಂತ್ರವು ಕಣ್ಣು ಮುಚ್ಚುವ ಮೊದಲು ‘ಶಟ್‌ಡೌನ್’ ಎಂಬ ಹೆಸರಿನಲ್ಲಿ ಒಂದು ದಾಖಲೆಯನ್ನು ಬರೆಯುತ್ತದೆ. ‘ಲಾಸ್ಟ್’ ಆಜ್ಞೆಗೆ ‘ಮೈನಸ್ ಎಕ್ಸ್’ ಎಂದು ಸೇರಿಸಿದರೆ ಅದು ಕಾಣಿಸುತ್ತದೆ. ಕರೆಂಟು ಹಠಾತ್ತನೆ ಹೋದರೆ? ತನ್ನ ಮರಣವಾರ್ತೆಯನ್ನು ತಾನೇ ಬರೆಯಲು ಯಾರಿಗೂ ಸಾಧ್ಯವಿಲ್ಲವಷ್ಟೆ. ಆದುದರಿಂದ, ಹೊರಹೋದ ಗುರುತಿಲ್ಲದ ಒಬ್ಬ ಬಳಕೆದಾರನ ದಾಖಲೆಯ ಬಳಿಕ, ನಡುವೆ ಶಟ್‌ಡೌನಿನ ಸುಳಿವೂ ಇಲ್ಲದೆ, ನೇರವಾಗಿ ‘ರೀಬೂಟ್’ ಎಂಬ ದಾಖಲೆ ಬಂದುದನ್ನು ಕಂಡರೆ, ‘ಲಾಸ್ಟ್’ ಆ ಬಳಕೆದಾರನ ಸಾಲಿನಲ್ಲಿ, ನಿರ್ಗಮನದ ವೇಳೆ ಇರಬೇಕಾದ ಜಾಗದಲ್ಲಿ, ‘ಕ್ರ್ಯಾಶ್’ ಎಂದು ಮುದ್ರಿಸುತ್ತದೆ. ಅದು ಕಡತದಲ್ಲಿದ್ದ ಮಾತಲ್ಲ. ಓದುವ ಪ್ರೋಗ್ರಾಮು ಮಾಡಿದ ಅನುಮಾನ. ಆ ಸಾಲಿನ ಆವರಣದಲ್ಲಿ ತೋರುವ ಅವಧಿಯೂ ಯಂತ್ರವು ಮತ್ತೆ ಎದ್ದ ಗಳಿಗೆಯವರೆಗಿನ ಲೆಕ್ಕವಾದುದರಿಂದ, ಬೆಳಗಿನವರೆಗೆ ಸತ್ತು ಬಿದ್ದಿದ್ದ ಯಂತ್ರದಲ್ಲಿ ಆತನು ರಾತ್ರಿಯಿಡೀ ದುಡಿದಂತೆ ಕಾಣುವುದುಂಟು! ಇದನ್ನರಿಯದೆ ಯಾರ ಮೇಲಾದರೂ ತಪ್ಪು ಹೊರಿಸುವುದು ಅನ್ಯಾಯ.

ಇನ್ನು ಈ ದಾಖಲೆಗಳ ವಿಶ್ವಾಸಾರ್ಹತೆ. ರೂಟ್ ಅಧಿಕಾರವನ್ನು ದಕ್ಕಿಸಿಕೊಂಡ ಕಳ್ಳನು ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಿಹಾಕಬಲ್ಲನು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಶಾಲೆಯ ಲೆಕ್ಕದಲ್ಲಿ ಕಂಡುಬಂದ ಕೇವಲ 75 ಸೆಂಟುಗಳ ವ್ಯತ್ಯಾಸದ ಜಾಡು ಹಿಡಿದು ಹೊರಟ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಜ್ಞನು, ಒಳನುಗ್ಗಿದವನ ಕೈಗೆಟುಕುವ ಕಡತಗಳನ್ನೇ ನೆಚ್ಚಿ ಕೂರದೆ, ಹೊರಗಿನಿಂದ ಬರುವ ತಂತಿಗಳಿಗೇ ಪ್ರಿಂಟರುಗಳನ್ನು ಜೋಡಿಸಿ, ಅವನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಕಾಗದದ ಮೇಲೆ ಇಳಿಸಿಕೊಂಡನು. ಜಾಡು ಕಡೆಗೆ ಪಶ್ಚಿಮ ಜರ್ಮನಿಯವರೆಗೆ ಹೋಯಿತು. ಇಂದು ಅದೇ ಕೆಲಸವನ್ನು, ದಾಖಲೆಗಳನ್ನು ಆ ಕ್ಷಣವೇ ಬೇರೊಂದು ಸರ್ವರಿಗೆ ಕಳುಹಿಸುವ ಸಿಸ್‌ಲಾಗ್ ಮಾಡುತ್ತದೆ. ಅದನ್ನು ಹಾಕಿಕೊಳ್ಳದ ಆಡಳಿತಗಾರನಿಗೆ ಹಾಜರಿ ಪುಸ್ತಕವಿದ್ದೂ ಪ್ರಯೋಜನ ಅಲ್ಪ.

‘ಲಾಸ್ಟ್’ ಆಜ್ಞೆಯನ್ನು ಕೊಟ್ಟವರು ಅದರ ಕೊನೆಯ ಸಾಲನ್ನು ಮೊದಲು ಓದಬೇಕು. ಕಡತವು ಎಂದಿನಿಂದ ಆರಂಭವಾಗಿದೆಯೆಂದು ಅಲ್ಲಿ ನಮೂದಾಗಿರುತ್ತದೆ. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಹಳೆಯ ಕಡತವನ್ನು ತಿಂಗಳಿಗೊಮ್ಮೆ ಬದಿಗಿಟ್ಟು ಹೊಸತನ್ನು ತೆರೆಯುವುದರಿಂದ, ಆ ದಿನಾಂಕಕ್ಕೆ ಹಿಂದಿನ ಸಂಗತಿ ಬೇಕಾದವರು ಹಳೆಯ ಕಡತವನ್ನೇ ಹುಡುಕಿ ತೆಗೆಯತಕ್ಕದ್ದು.