ಬೈಠಕ್ ಹೊಡೆಯುವಾಗ ಮೈಯೊಳಗೆ ಏನಾಗುತ್ತದೆ?

ಬಸವಕಲ್ಯಾಣ, ಹುಮನಾಬಾದ್ ಕಡೆ ಗರಡಿಮನೆಗೆ ತಾಲೀಮು ಎನ್ನುವುದುಂಟು. ಜಾತ್ರೆಯ ಕುಸ್ತಿಗೆ ಇಳಿಯುವ ಪೈಲ್ವಾನರು ದಂಡ, ಬೈಠಕ್ ಹೊಡೆದು ಮೈ ಹುರಿಗೊಳಿಸುತ್ತಾರೆ. ಈಗ ಜಿಮ್‌ಗೆ ಹೋಗುವ ಹುಡುಗರ ಬಾಯಲ್ಲಿ ‘ಸ್ಕ್ವಾಟ್’, ‘ಬೈಸೆಪ್ಸ್’ ಎಂಬ ಮಾತುಗಳು. ಹೆಸರು ಬೇರೆಯಾದರೂ ಮೈ ಒಂದೇ. ಮುತ್ಯಾನ ಮಾತಿಗೂ ಮೊಮ್ಮಕ್ಕಳ ವಿಜ್ಞಾನ ಪಾಠಕ್ಕೂ ನಂಟು ಹಾಕೋಣ ಬನ್ನಿ.

ಎಲುಬು ಮತ್ತು ಕೀಲು

ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 300 ಎಲುಬುಗಳಿರುತ್ತವೆ. ಬೆಳೆಯುತ್ತ ಕೆಲವು ಬೆಸೆದುಕೊಂಡು, ದೊಡ್ಡವರಾಗುವಷ್ಟರಲ್ಲಿ 206 ಉಳಿಯುತ್ತವೆ. ಎರಡು ಎಲುಬು ಕೂಡುವ ಜಾಗವೇ ಕೀಲು. ಮೊಣಕೈ ಬಾಗಿಲಿನಂತೆ ಒಂದೇ ದಿಕ್ಕಿಗೆ ಮಡಚುತ್ತದೆ. ಅದು ಬಿಜಾಗರಿ ಕೀಲು. ಭುಜದಲ್ಲಿ, ಚಪ್ಪೆಯಲ್ಲಿ ಎಲುಬಿನ ಗುಂಡಗಿನ ತುದಿ ಗುಣಿಯೊಂದರಲ್ಲಿ ಕುಳಿತಿದೆ. ಅದಕ್ಕೇ ತೋಳನ್ನು ಸುತ್ತಲೂ ತಿರುಗಿಸಬಹುದು.

ಎಲುಬಿಗೆ ಎಲುಬನ್ನು ಕಟ್ಟಿರುವುದು ಅಸ್ಥಿರಜ್ಜು. ಸ್ನಾಯುವನ್ನು ಎಲುಬಿಗೆ ಕಟ್ಟಿರುವುದು ಸ್ನಾಯುರಜ್ಜು. ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವುದು ಮೀನಖಂಡದ ಸ್ನಾಯುರಜ್ಜು.

ಎಳೆಯುತ್ತದೆ, ತಳ್ಳುವುದಿಲ್ಲ

ಮಕ್ಕಳೇ, ನೀರು ತುಂಬಿದ ತಂಬಿಗೆ ಹಿಡಿದು ಮೊಣಕೈ ಮಡಚಿ. ಇನ್ನೊಂದು ಕೈಯಿಂದ ರಟ್ಟೆಯ ಮುಂಭಾಗ ಮುಟ್ಟಿ. ಗಟ್ಟಿಯಾಗಿ ಉಬ್ಬಿದೆಯಲ್ಲವೇ? ಅದೇ ದ್ವಿಶಿರ ಸ್ನಾಯು, ಅಂದರೆ ಬೈಸೆಪ್ಸ್. ತಂಬಿಗೆ ಕೆಳಗಿಟ್ಟು ಅಂಗೈಯಿಂದ ಮೇಜನ್ನು ಒತ್ತಿ. ಈಗ ರಟ್ಟೆಯ ಹಿಂಭಾಗ ಗಟ್ಟಿಯಾಗುತ್ತದೆ, ಅದು ತ್ರಿಶಿರ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಹಾಗಾಗಿ ಮಡಚಲು ಒಂದು, ಚಾಚಲು ಇನ್ನೊಂದು ಬೇಕು.

ಬೈಠಕ್ಕಿನ ಮೂರು ಕೀಲು

ಬೈಠಕ್ಕಿನಲ್ಲಿ ಚಪ್ಪೆ, ಮೊಣಕಾಲು, ಪಾದದ ಕೀಲು ಮೂರೂ ಒಟ್ಟಿಗೆ ಮಡಚುತ್ತವೆ. ಏಳುವಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೊಣಕಾಲನ್ನು ನೆಟ್ಟಗಾಗಿಸುತ್ತದೆ. ಇದಕ್ಕೆ ನಾಲ್ಕು ತಲೆ, ಹೆಸರು ಚತುಶ್ಶಿರ. ಬಸವಕಲ್ಯಾಣದ ಕೋಟೆಯ ಮೆಟ್ಟಿಲು ಹತ್ತಿಸುವುದೂ ಇದೇ. ಇಳಿಯುವಾಗಲೂ ಇದಕ್ಕೆ ಬಿಡುವಿಲ್ಲ: ಉದ್ದವಾಗುತ್ತಲೇ ಮೈಭಾರವನ್ನು ಬ್ರೇಕಿನಂತೆ ತಡೆದು ಹಿಡಿಯುತ್ತದೆ. ರೂಢಿಯಿಲ್ಲದವರಿಗೆ ಮರುದಿನ ತೊಡೆ ನೋಯುವುದು ಹೆಚ್ಚಾಗಿ ಈ ಇಳಿಯುವ ಕೆಲಸದಿಂದಲೇ.

ಊಟಕ್ಕೆ ನೆಲದ ಮೇಲೆ ಕುಳಿತ ಅಜ್ಜಿ ಎದ್ದು ನಿಲ್ಲುವುದಕ್ಕೂ ಇದೇ ಬಲ ಬೇಕು. ವಯಸ್ಸಾದಂತೆ ಸ್ನಾಯು ಸೊರಗುತ್ತದೆ. ಬಳಸದಿದ್ದರೆ ಇನ್ನೂ ಬೇಗ. ಆಗ ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ, ಬೀಳುವ ಭಯವೂ ಕಾಡುತ್ತದೆ. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ದಿನಾ ಕೆಲವು ಸಲ ನಿಧಾನವಾಗಿ ಎದ್ದು ಕೂರುವುದು ಹಿರಿಯರಿಗೆ ಒಪ್ಪುವ ಬೈಠಕ್. ಮೊಮ್ಮಕ್ಕಳು ಪಕ್ಕದಲ್ಲಿರಲಿ. ನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಮೊದಲೇ ಕೀಲುನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಹೆಸರು ಗೊತ್ತಿದ್ದರೆ

‘ಕಾಲು ನೋವು’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯದು. ಟೊಂಕವೋ, ಚಪ್ಪೆಯೋ, ಮೀನಖಂಡವೋ? ಮಡಚುವಾಗಲೋ, ಚಾಚುವಾಗಲೋ? ‘ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲಿನ ಮುಂಭಾಗ ನೋಯುತ್ತದೆ’ ಎಂದರೆ ಅರ್ಧ ದಾರಿ ಸವೆದಂತೆ.

ಮಕ್ಕಳೇ, ಈ ವಾರ ಹಾಳೆಯಲ್ಲಿ ಒಂದು ಮನುಷ್ಯನ ಚಿತ್ರ ಬರೆಯಿರಿ. ಮನೆಯ ಹಿರಿಯರು ಒಂದೊಂದು ಅಂಗಕ್ಕೆ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಪಾಠದ ಹೆಸರನ್ನೂ ಸೇರಿಸಿ.