ಮೈಭಾರವೂ ಟೆನ್ನಿಸ್ ಆಟವೂ

ಮೈ ಬೆಳೆದವರಿಗೆ ಹಿತವಚನ ಹೇಳುವವರು ಲೋಕದಲ್ಲಿ ಬಹುಮಂದಿ. “ಯಾವುದಾದರೊಂದು ಆಟವನ್ನು ಹಿಡಿಯಿರಿ, ಮೈ ತಾನಾಗಿಯೇ ಇಳಿದೀತು” ಎಂಬುದು ಅವರೆಲ್ಲರ ಮೊದಲನೆಯ ಮಾತು. ಈ ಮಾತನ್ನು ನಂಬಿ ನಾವು ಮೈಸೂರಿನ ಒಂದು ಕ್ಲಬ್ಬಿನಲ್ಲಿ ವಾರಕ್ಕೆ ಎರಡು ಸಂಜೆಯೂ ಭಾನುವಾರ ಬೆಳಗ್ಗೆಯೂ ಹನ್ನೊಂದು ವರ್ಷಗಳ ಕಾಲ ಟೆನ್ನಿಸ್ ಆಡಿದೆವು. ಆ ಹನ್ನೊಂದು ವರ್ಷಗಳಲ್ಲಿ ನಮ್ಮ ತೂಕವು ೭೪ ಕಿಲೋಗ್ರಾಮಿನಿಂದ ೮೬ಕ್ಕೆ ಏರಿತು. ಆಟವು ನಮ್ಮ ಮೈಯನ್ನು ಇಳಿಸಲಿಲ್ಲ. ನಮ್ಮ ಮೈಯೇ ಆಟವನ್ನು ಇಳಿಸಿತು. ಹೀಗೇಕಾಯಿತು, ಆಮೇಲೆ ನಾವೇನು ಮಾಡಿದೆವು ಎಂಬುದನ್ನು, ನಮ್ಮಂತೆ ನಡುವಯಸ್ಸಿನಲ್ಲಿರುವ ಗೃಹಸ್ಥರಿಗೆ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ನಿವೇದಿಸುತ್ತೇವೆ.

ನಮ್ಮ ಜೋಡಿಯಾಟದ ಜೊತೆಗಾರರು ನಿವೃತ್ತ ಉಪಾಧ್ಯಾಯರು. ನಮಗೆ ಆಗ ನಲವತ್ತೇಳು, ಅವರಿಗೆ ಅರವತ್ತೊಂದು. ಮೈ ತೆಳು, ಮಾತು ಮೆದು. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುವರು. ಎರಡು ವರ್ಷಗಳ ಹಿಂದೆ ಒಂದು ಭಾನುವಾರ, ಮೂರನೆಯ ಸೆಟ್ಟಿನಲ್ಲಿ, ಎದುರಾಳಿಯು ಚೆಂಡನ್ನು ಮೆಲ್ಲನೆ ತಟ್ಟಿ ಬಲೆಯ ಈಚೆಗೆ, ನಮ್ಮ ಪಾಲಿನ ನೆಲದಲ್ಲಿ ಬೀಳಿಸಿದನು. ಅಂತಹ ಚೆಂಡಿಗೆ ನಾವು ಯಾವಾಗಲೂ ಎರಡು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದೆವು. ಅದನ್ನರಿತಿದ್ದ ಮೇಷ್ಟ್ರು ತಮ್ಮ ಪಾಲಿನ ಅಂಗಣವನ್ನು ಬಿಟ್ಟು ಅಡ್ಡಲಾಗಿ ಓಡಿಬಂದರು. ಕಾಲು ಜಾರಿ, ಕೈಯೂರಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರು ನಮ್ಮನ್ನು ದೂರಲಿಲ್ಲ. “ಬಿಡಿ, ಚೆಂಡು ನಿಮ್ಮದೇ ಆಗಿತ್ತು, ಆತುರಪಟ್ಟವನು ನಾನು” ಎಂದಷ್ಟೇ ನುಡಿದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ನಮ್ಮ ಚೆಂಡುಗಳಿಗೂ ಅವರೇ ಓಡುತ್ತಿದ್ದರು ಎಂಬುದು ಆ ಗಳಿಗೆಯಲ್ಲಿ ನಮಗೆ ತಿಳಿಯಿತು.

ಮರುವಾರವೇ ನಾವು ವೈದ್ಯರನ್ನು ಕಂಡೆವು. ಎತ್ತರ ೧೬೮ ಸೆಂಟಿಮೀಟರು, ತೂಕ ೮೬, ಸೊಂಟದ ಸುತ್ತಳತೆ ೧೦೪ ಸೆಂಟಿಮೀಟರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ದೇಹರಾಶಿ ಸೂಚ್ಯಂಕವು ಮೂವತ್ತನ್ನು ದಾಟಿತ್ತು. ನಮ್ಮ ದೇಶದವರಿಗೆ ೨೩ರಿಂದಲೇ ಅಧಿಕ ತೂಕವೆಂದೂ, ೨೫ರಿಂದ ಸ್ಥೂಲತೆಯೆಂದೂ, ಗಂಡಸರ ಸೊಂಟವು ೯೦ ಸೆಂಟಿಮೀಟರನ್ನೂ ಹೆಂಗಸರದು ೮೦ನ್ನೂ ಮೀರಬಾರದೆಂದೂ ವೈದ್ಯರು ತಿಳಿಸಿದರು. ರಕ್ತದ ಸಕ್ಕರೆಯ ಮೂರು ತಿಂಗಳ ಲೆಕ್ಕವು ೬.೧ ಇದ್ದಿತು, ೬.೫ ಆದರೆ ಮಧುಮೇಹ. ಮೊಣಕಾಲು ನೋವಿನ ವಿಷಯವಾಗಿ ಅವರು ಹೇಳಿದ ಮಾತು ಇನ್ನೂ ನೆನಪಿದೆ: ಮೈಯಿಂದ ಒಂದು ಕಿಲೋ ಇಳಿದರೆ, ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆಯು ಸುಮಾರು ನಾಲ್ಕು ಕಿಲೋ ತಗ್ಗುವುದು. ಹಾಗಾದರೆ ಹನ್ನೆರಡು ಕಿಲೋ ಏರಿಸಿಕೊಂಡ ನಾವು ನಮ್ಮ ಕಾಲುಗಳಿಗೆ ಎಂತಹ ಅನ್ಯಾಯ ಮಾಡಿದ್ದೆವೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಹನ್ನೊಂದು ವರ್ಷ ಆಡಿಯೂ ಮೈ ಇಳಿಯಲಿಲ್ಲವೇಕೆ? ಕಾರಣವು ಆಟದ ಸ್ವರೂಪದಲ್ಲಿಯೇ ಇದೆ. ಟೆನ್ನಿಸ್ ಅಂಗಣದ ಉದ್ದ ೭೮ ಅಡಿ. ಜೋಡಿಯಾಟದ ಅಗಲ ೩೬ ಅಡಿ. ಆದಕಾರಣ ಒಬ್ಬೊಬ್ಬನು ಕಾಯಬೇಕಾದುದು ೧೮ ಅಡಿ ಅಗಲದ ನೆಲ ಮಾತ್ರ. ಒಂದು ಸುತ್ತಿನ ಹೊಡೆದಾಟವು ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದು. ಮುಂದಿನದಕ್ಕೆ ಮುನ್ನ ಚೆಂಡು ಹೆಕ್ಕುವುದು, ಬೆವರೊರಸುವುದು, ಎಣಿಕೆಯ ವಿಷಯದಲ್ಲಿ ಒಂದು ಸಣ್ಣ ವಾಗ್ವಾದ! ಗಂಟೆಯಾಡಿದೆವೆಂದು ಹೇಳಿಕೊಂಡರೂ ಚೆಂಡು ಓಡಾಡಿದ ಹೊತ್ತು ಸ್ವಲ್ಪವೇ. ಇಂತಹ ಆಟದಲ್ಲಿ ನಮ್ಮ ಗಾತ್ರದವರಿಗೆ ಗಂಟೆಗೆ ಹೆಚ್ಚೆಂದರೆ ನಾನೂರರ ಆಸುಪಾಸು ಕ್ಯಾಲೊರಿ ವೆಚ್ಚವಾದೀತು. ಆಟ ಮುಗಿದೊಡನೆ ನಾವು ತಿನ್ನುತ್ತಿದ್ದ ಬೆಣ್ಣೆ ಸವರಿದ ಮಸಾಲೆ ದೋಸೆಯೂ ಅದರ ಹಿಂದೆಯೇ ಬರುವ ಕಾಫಿಯೂ ಆ ವೆಚ್ಚವನ್ನು ಅಲ್ಲಿಯೇ ತುಂಬಿಕೊಡುತ್ತಿದ್ದುವು. ಮೈಯಲ್ಲಿನ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು ೭,೭೦೦ ಕ್ಯಾಲೊರಿಯ ಕೊರತೆಯಾಗಬೇಕು. ಆದ್ದರಿಂದ ತೆಳ್ಳಗಾಗಲೆಂದು ಟೆನ್ನಿಸ್ ಆಡುವುದಕ್ಕಿಂತ, ಟೆನ್ನಿಸ್ ಆಡಲೆಂದು ತೆಳ್ಳಗಾಗುವುದೇ ಸರಿಯಾದ ಕ್ರಮವೆಂದು ನಾವು ನಿಶ್ಚಯಿಸಿದೆವು.

ನಿಶ್ಚಯವೇನೋ ಆಯಿತು, ಮೊದಲ ಹೆಜ್ಜೆಯೇ ತಪ್ಪಿತು. ಉತ್ಸಾಹದ ಭರದಲ್ಲಿ ರಾತ್ರಿಯ ಊಟವನ್ನೇ ಬಿಟ್ಟೆವು. ಮೂರು ವಾರಗಳಲ್ಲಿ ಎರಡೂವರೆ ಕಿಲೋ ಇಳಿಯಿತು. ನಾಲ್ಕನೆಯ ವಾರ ಅಂಗಣದಲ್ಲಿ ಕಣ್ಣಿಗೆ ಕತ್ತಲೆ ಕವಿದು ಕುಳಿತುಬಿಟ್ಟೆವು. ತಿಂಗಳು ತುಂಬುವುದರೊಳಗೆ ಇಳಿದುದೆಲ್ಲ ಮರಳಿ ಬಂದಿತು. ವೈದ್ಯರು ನಕ್ಕು, “ವಾರಕ್ಕೆ ಅರ್ಧ ಕಿಲೋ ಸಾಕು. ಹನ್ನೊಂದು ವರ್ಷದಲ್ಲಿ ಬಂದುದನ್ನು ಹನ್ನೊಂದು ವಾರದಲ್ಲಿ ಓಡಿಸಬೇಡಿ” ಎಂದರು. ಅರ್ಧ ಕಿಲೋಗೆ ದಿನಕ್ಕೆ ಸುಮಾರು ಐನೂರು ಕ್ಯಾಲೊರಿ ಕಡಮೆಯಾದರಾಯಿತು.

ಈ ಐನೂರನ್ನು ಹುಡುಕಿದವರು ನಾವಲ್ಲ, ನಮ್ಮ ಗೃಹಿಣಿ. ಹಿಟ್ಟಿನ ಪದಾರ್ಥವೊಂದು ಗ್ರಾಮಿಗೆ ನಾಲ್ಕು ಕ್ಯಾಲೊರಿಯಾದರೆ ಎಣ್ಣೆಯೊಂದು ಗ್ರಾಮಿಗೆ ಒಂಬತ್ತು. ನಾಲ್ವರ ನಮ್ಮ ಮನೆಗೆ ತಿಂಗಳಿಗೆ ನಾಲ್ಕೂವರೆ ಲೀಟರು ಎಣ್ಣೆ ಬೇಕಾಗುತ್ತಿತ್ತು. ಆಕೆಯು ಅದನ್ನು ಮೂರು ಲೀಟರಿಗೆ ಇಳಿಸಿದಳು. ಒಗ್ಗರಣೆ ನಿಲ್ಲಲಿಲ್ಲ, ಸುರಿಯುವುದು ನಿಂತು ಚಮಚದಿಂದ ಅಳೆಯುವುದು ಬಂದಿತು. ತಟ್ಟೆಯ ಅರ್ಧಭಾಗ ಪಲ್ಯ, ಕೋಸಂಬರಿ, ಕಾಲು ಭಾಗ ಬೇಳೆ, ಹೆಸರುಕಾಳು ಅಥವಾ ಹುರುಳಿಯ ಉಸುಲಿ, ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ, ಕೊನೆಗೆ ಮಜ್ಜಿಗೆ. ಕಾಫಿ ದಿನಕ್ಕೆ ಎರಡೇ ಲೋಟ, ಸಕ್ಕರೆಯಿಲ್ಲದೆ. ಈ ಕಡೆಯ ಕಟ್ಟಳೆಯೇ ಎಲ್ಲಕ್ಕಿಂತ ಕಠಿನವಾಗಿದ್ದಿತು.

ಮೊದಲ ದಿನ ನಮ್ಮ ತಾಯಿಯವರು ತಟ್ಟೆಯನ್ನು ನೋಡಿ, “ಏನಪ್ಪಾ ಇದು, ಅನ್ನವನ್ನು ಹುಡುಕಬೇಕಲ್ಲ! ಮನೆಗೇನು ಬರ ಬಂದಿದೆಯೇ?” ಎಂದು ನೊಂದುಕೊಂಡರು. “ಅನ್ನ ಕಡಮೆಯಾಗಿದೆ ಅತ್ತೆ, ಊಟ ಕಡಮೆಯಾಗಿಲ್ಲ. ಪಲ್ಯ ಎಷ್ಟಿದೆ ನೋಡಿ” ಎಂದು ಗೃಹಿಣಿಯು ಸಮಾಧಾನಪಡಿಸಿದಳು. ತಿಂಗಳೆರಡಾಗುವಷ್ಟರಲ್ಲಿ ತಾಯಿಯವರೇ ಹುರುಳಿ ನೆನೆಸಿಡತೊಡಗಿದರು.

ಇಲ್ಲಿ ಒಂದು ಮಾತು. ರಾಗಿಯಾದರೆ ಎಷ್ಟು ತಿಂದರೂ ಮೈ ಬರದೆಂದು ಅನೇಕರು ನಂಬಿದ್ದಾರೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಬಹಳ ಹೆಚ್ಚು; ಅದು ನಿಜ. ಆದರೆ ಕ್ಯಾಲೊರಿಯಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಎರಡು ಮುದ್ದೆ ಉಂಡವನು ಎರಡು ಮುದ್ದೆಯ ಲೆಕ್ಕವನ್ನು ಕೊಡಲೇಬೇಕು.

ಇನ್ನು ವ್ಯಾಯಾಮ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮದ ವ್ಯಾಯಾಮವನ್ನೂ, ಎರಡು ದಿನವಾದರೂ ಮಾಂಸಖಂಡಗಳಿಗೆ ಬಲಕೊಡುವ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದೆ. ನಾವು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆಯುವುದರಿಂದ ಆರಂಭಿಸಿದೆವು. ಬಿರುಸು ಎಷ್ಟಿರಬೇಕೆಂದರೆ, ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆರಡು ದಿನ ಮನೆಯಲ್ಲಿಯೇ ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದು, ಹಿಮ್ಮಡಿಯೆತ್ತಿ ನಿಲ್ಲುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು—ಇವನ್ನು ಹತ್ತರಂತೆ ಮೂರು ಆವೃತ್ತಿ ಮಾಡಿದೆವು. ಮೂರು ತಿಂಗಳಾದ ಬಳಿಕ ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿದೆವು. ಹತ್ತುವುದು ಎದೆಗೆ ಶ್ರಮ, ಇಳಿಯುವುದು ಮೊಣಕಾಲಿಗೆ ಶ್ರಮ. ಆದಕಾರಣ ಇಳಿಯುವುದಕ್ಕೆ ಬಸ್ಸನ್ನೇ ಹಿಡಿಯುತ್ತಿದ್ದೆವು. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಆಟಕ್ಕೆಂದೇ ಬೇಕಾದ ಅಭ್ಯಾಸಗಳು ಬೇರೆ. ಟೆನ್ನಿಸ್ಸಿನ ಓಟವು ಚುಟುಕಾದುದು: ಓಡು, ನಿಲ್ಲು, ತಿರುಗು. ಆದ್ದರಿಂದ ನಾಲ್ಕನೆಯ ತಿಂಗಳಿನಿಂದ ಹತ್ತು ಸೆಕೆಂಡು ಬಿರುಸಿನ ಓಟ, ಇಪ್ಪತ್ತು ಸೆಕೆಂಡು ನಡಿಗೆ, ಹೀಗೆ ಎಂಟು ಸಲ ಮಾಡತೊಡಗಿದೆವು. ಬಳಿಕ ಎಡಕ್ಕೂ ಬಲಕ್ಕೂ ಅಡ್ಡಹೆಜ್ಜೆ. ಇನ್ನೊಂದು ಗುಟ್ಟನ್ನು ಕ್ಲಬ್ಬಿನಲ್ಲಿ ಚೆಂಡು ಹೆಕ್ಕುವ ಹುಡುಗನು ಹೇಳಿಕೊಟ್ಟನು. ಎದುರಾಳಿಯು ಚೆಂಡನ್ನು ಹೊಡೆಯುವ ಗಳಿಗೆಗೆ ಸರಿಯಾಗಿ ಎರಡು ಕಾಲಿನ ಮೇಲೆ ಒಂದು ಪುಟ್ಟ ನೆಗೆತ ನೆಗೆಯಬೇಕು. “ನಿಂತಲ್ಲೇ ನಿಂತರೆ ಕಾಲು ನೆಲಕ್ಕೆ ಅಂಟ್ಕೊಳ್ಳತ್ತೆ ಸಾರ್” ಎಂದನು. ಹನ್ನೊಂದು ವರ್ಷದಲ್ಲಿ ನಮಗೆ ಹೊಳೆಯದುದು ಅವನಿಗೆ ಹೊಳೆದಿತ್ತು.

ಮೊಣಕಾಲು ಸವೆದವರು ಧೈರ್ಯಗೆಡಬೇಕಾದುದಿಲ್ಲ. ಕೊಡಗಿನ ರೋಹನ್ ಬೋಪಣ್ಣನವರ ಉದಾಹರಣೆಯಿದೆ. ಮೊಣಕಾಲಿನ ಮೃದ್ವಸ್ಥಿಯು ಸವೆದುಹೋಗಿ ನೋವುಪಡುತ್ತಿದ್ದ ಅವರು ಅಯ್ಯಂಗಾರ್ ಪದ್ಧತಿಯ ಯೋಗಾಭ್ಯಾಸದಿಂದ ಚೇತರಿಸಿಕೊಂಡುದನ್ನು ತಾವೇ ಹೇಳಿಕೊಂಡಿದ್ದಾರೆ. ೨೦೨೪ರ ಜನವರಿಯಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ನರ ಜೊತೆಗೂಡಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು, ಡಬಲ್ಸಿನಲ್ಲಿ ಲೋಕಕ್ಕೆ ಮೊದಲಿಗರೂ ಆದರು. ಆ ಯೋಗಪದ್ಧತಿಯ ಆಚಾರ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ಯರು ೧೯೧೮ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ, ನಮ್ಮ ಮೈಸೂರಿನಲ್ಲಿಯೇ ಕೃಷ್ಣಮಾಚಾರ್ಯರಿಂದ ಕಲಿತವರು. ಬೋಪಣ್ಣನವರ ಪಟ್ಟ ನಮಗೆ ಬರುವುದಿಲ್ಲ. ಆದರೆ ಬಲ್ಲವರ ಬಳಿ ಕಲಿತು ತಾಳ್ಮೆಯಿಂದ ಸಾಧಿಸಿದರೆ ಮೆಟ್ಟಿಲು ಹತ್ತುವ ಮೊಣಕಾಲಾದರೂ ಬಂದೀತು.

ಎಚ್ಚರಿಕೆಯನ್ನೂ ಹೇಳಬೇಕು. ನಲವತ್ತು ದಾಟಿದವರು, ಎದೆಯಲ್ಲಿ ಬಿಗಿತ, ಏದುಸಿರು, ತಲೆಸುತ್ತು ಇರುವವರು ವೈದ್ಯರನ್ನು ಕಾಣದೆ ಓಡತೊಡಗಬಾರದು. ಸಕ್ಕರೆಗೆ ಔಷಧ ಸೇವಿಸುವವರು ತಾವಾಗಿ ಉಪವಾಸ ಹಿಡಿಯಬಾರದು. ತೂಕವು ಒಂದೇ ಸಮನೆ ಇಳಿಯುವುದೆಂದೂ ತಿಳಿಯಬಾರದು. ಆರನೆಯ ತಿಂಗಳಿನಿಂದ ಎಂಟನೆಯದರವರೆಗೆ ನಮ್ಮ ತಕ್ಕಡಿಯ ಮುಳ್ಳು ಅಲುಗಲೇ ಇಲ್ಲ. ಆಗ ಬಿಟ್ಟುಬಿಡುವ ಮನಸ್ಸಾಯಿತು. ಬಿಡದಂತೆ ಹಿಡಿದುದು ಮೇಷ್ಟ್ರ ಕೈಯ ನೆನಪು.

ಹದಿಮೂರು ತಿಂಗಳು ಕಳೆಯಲು ತೂಕವು ೭೫ಕ್ಕೆ ಬಂದಿತು, ಸೊಂಟ ೯೩, ಸಕ್ಕರೆ ೫.೬. ಪಟ್ಟಿಯ ಪ್ರಕಾರ ನಾವು ಇನ್ನೂ ಸ್ಥೂಲರೇ. ಆದರೆ ಸಂಜೆಯ ಹೊತ್ತಿಗೆ ಮೊಣಕಾಲು ಹಿಡಿದುಕೊಳ್ಳುವುದು ನಿಂತಿದೆ.

ಮೇಷ್ಟ್ರ ಕೈ ಕೂಡಿಕೊಂಡರೂ ಅವರ ಮನೆಯವರು ಬಹುಕಾಲ ಆಡಗೊಡಿಸಲಿಲ್ಲ. ಕೋಪನ್‌ಹೇಗನ್ನಿನಲ್ಲಿ ಸಾವಿರಾರು ಜನರನ್ನು ಇಪ್ಪತ್ತೈದು ವರ್ಷಗಳವರೆಗೆ ಗಮನಿಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆನ್ನಿಸ್ ಆಡುವವರು ವ್ಯಾಯಾಮವಿಲ್ಲದವರಿಗಿಂತ ಸರಾಸರಿ ೯.೭ ವರ್ಷ ಹೆಚ್ಚಿಗೆ ಬದುಕಿದುದು ಕಂಡುಬಂದಿತು. ಆಟವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದು. ಜೊತೆಗಾರರ ಒಡನಾಟವೂ ಕಾರಣವಾಗಿರಬಹುದೆಂದು ಅಧ್ಯಯನ ಮಾಡಿದವರು ಊಹಿಸಿದ್ದಾರೆ. ಇದನ್ನು ನಾವು ಮೇಷ್ಟ್ರ ಮನೆಗೆ ಹೋಗಿ ಓದಿ ಹೇಳಿದೆವು. ಒಳಗಿನಿಂದ ಅವರ ಪತ್ನಿಯವರು, “ಒಡನಾಟಕ್ಕೆ ಕಾಫಿ ಸಾಲದೇ?” ಎಂದರು. “ಇನ್ನು ಮುಂದೆ ನನ್ನ ಚೆಂಡಿಗೆ ನಾನೇ ಓಡುತ್ತೇನೆ, ಅಮ್ಮಾ” ಎಂದು ಮಾತು ಕೊಟ್ಟ ಮೇಲೆ ಅಪ್ಪಣೆಯಾಯಿತು.

ಕಳೆದ ಚಳಿಗಾಲದ ಒಂದು ಭಾನುವಾರ ಮತ್ತೆ ಜೋಡಿಯಾಗಿ ಆಡಿದೆವು. ಎರಡನೆಯ ಸೆಟ್ಟಿನಲ್ಲಿ ಎದುರಾಳಿಯು ಅದೇ ಹಳೆಯ ಚೆಂಡನ್ನು ಬಲೆಯ ಈಚೆಗೆ ಮೆಲ್ಲನೆ ಬೀಳಿಸಿದನು. ಮೇಷ್ಟ್ರು ಅಭ್ಯಾಸಬಲದಿಂದ ಒಂದು ಹೆಜ್ಜೆ ಇಟ್ಟರು. ನಾವು ಆಗಲೇ ಅಲ್ಲಿದ್ದುದನ್ನು ಕಂಡು ನಿಂತರು. ಚೆಂಡು ನಮ್ಮ ರಾಕೆಟ್ಟಿಗೆ ತಾಗಿತು, ಬಲೆಯನ್ನು ದಾಟಿತು, ಆದರೆ ಗೆರೆಯಾಚೆ ಬಿದ್ದಿತು. ಆ ಸೆಟ್ಟನ್ನೂ ಸೋತೆವು.

ಮೇಷ್ಟ್ರು ಚೆಂಡನ್ನು ಹೆಕ್ಕಿಕೊಡುತ್ತ, “ತಲುಪಿದಿರಲ್ಲ, ಸಾಕು. ಗೆರೆಯೊಳಗೆ ಬೀಳಿಸುವುದನ್ನು ಇನ್ನು ಕಲಿಯೋಣ” ಎಂದರು.